ಎಂಜಲ ಗಾಳಿ

"ಒಂದೇ ರಬ್ಬರು, ಇಬ್ರು ಮನುಷ್ರು. ಸಮಜ್ಲೆಂ? ತಿಳೀತಾ?" ಎಂದು ರಾಮನಾಥಬಾಬ ಕೈಯಲ್ಲಿದ್ದ ರೆಗ್ಯುಲೇಟರನ್ನು ಮೇಲೆತ್ತಿ ತೋರಿಸಿದರು. ಸಿಲಿಂಡರಿನಿಂದ ಹೊರಟ ಕಪ್ಪು ನಳಿಕೆಯ ತುದಿಗೆ ಅಂಗೈಯಷ್ಟು ಅಗಲದ ಡಬ್ಬಿ, ಡಬ್ಬಿಗೆ ಹಲ್ಲಿನಲ್ಲಿ ಕಚ್ಚಿಕೊಳ್ಳುವ ರಬ್ಬರು. "ನೀರಿನ ಕೆಳಗೆ ಒಬ್ಬನ ಗಾಳಿ ಮುಗೀತು ಅಂತ ಇಟ್ಕೊಳ್ಳಿ. ಜೋಡಿದಾರ ಎರಡು ಉಸಿರು ತಕ್ಕೊಂಡು ರಬ್ಬರು ಬಾಯಿಂದ ತೆಗೆದು ಇವನಿಗೆ ಕೊಡಬೇಕು. ಇವನು ಎರಡು ಉಸಿರು ತಕ್ಕೊಂಡು ತಿರುಗಿ ಅವನಿಗೆ. ಹಾಂಗೇ ಕೊಡ್ತಾ ತಕ್ಕೊಳ್ತಾ ಇಬ್ರೂ ಮೇಲೆ ಬರಬೇಕು. ನಾಳೆ ಇದೊಂದು ಮಾಡಿ ತೋರಿಸಿದ್ರೆ ಸರ್ಟಿಫಿಕೇಟು."

"ಎಂಜಲ ಗಾಳಿ ಅನ್ನಿ ಸರ್," ಎಂದ ರೂಪೇಶ.

ಬೈತಖೋಲ ಬಂದರಿನ ಧಕ್ಕೆಯ ಕಲ್ಲಿನ ಮೇಲೆ ಕೂತಿದ್ದವರು ಮೂವರೇ. ಮಾಜಾಳಿಯ ರೂಪೇಶ, ಹಾರವಾಡದ ಜಟ್ಟಪ್ಪ, ಮತ್ತು ಹಾರವಾಡದವನೇ ಆದ ಬೊಮ್ಮ. ರೂಪೇಶನ ಮಾತಿಗೆ ರಾಮನಾಥಬಾಬರೂ ನಕ್ಕರು. ನೌಕಾದಳದಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾಗಿ ಊರಿಗೆ ಬಂದವರು. ಈಗ ಬಂದರಿನ ಕೆಲಸ ಹಿಡಿದಿದ್ದ ಕಂಪನಿಗೆ ಮುಳುಗುಗಾರರನ್ನು ತಯಾರು ಮಾಡಿಕೊಡುತ್ತಿದ್ದರು. "ಎಂಜಲೋ ಪಂಜಲೋ, ಅಲ್ಲಿ ಬೇರೆ ಅಂಗಡಿ ಇಲ್ಲ ಬಾಬಾ," ಎಂದರು. ಬೊಮ್ಮನೂ ನಕ್ಕ. ಜಟ್ಟಪ್ಪ ನಕ್ಕಂತೆ ಮಾಡಿ, ನಳಿಕೆಯ ತುದಿಯ ಆ ರಬ್ಬರನ್ನೇ ನೋಡುತ್ತ ಕೂತ. ಅದರ ಎರಡೂ ಬದಿಗೆ ಯಾರದೋ ಹಲ್ಲಿನ ಗುರುತಿತ್ತು.

ಜೋಡಿ ಯಾರು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಮೊದಲ ದಿನದಿಂದಲೂ ರೂಪೇಶನ ಜೊತೆ ರಾಮನಾಥಬಾಬ ಇಳಿಯುತ್ತಿದ್ದರು, ಏಕೆಂದರೆ ಅವನಿಗೆ ಈಜು ಅಷ್ಟಕ್ಕಷ್ಟೆ. ಜಟ್ಟಪ್ಪನ ಜೊತೆ ಬೊಮ್ಮ. ಬೊಮ್ಮನನ್ನು ಇಲ್ಲಿಗೆ ಕರೆತಂದವನೂ ಜಟ್ಟಪ್ಪನೇ. "ಬಾರಾ ಮಾರಾಯಾ, ಮೂಟೆ ಹೊತ್ತು ಹೊತ್ತು ನಿನ್ನ ಬೆನ್ನು ಬಿಲ್ಲಾಗ್ತಾ ಅದೆ. ನೀರಿನ ಕೆಲ್ಸ ನಿಂಗೂ ಬತ್ತದೆ," ಎಂದು ಅವನ ಕೇರಿಯ ಬೇಲಿಯ ದಣಪೆಯ ಹೊರಗೇ ನಿಂತು ಕರೆದಿದ್ದ. ಬೊಮ್ಮ ಸಣ್ಣವನಿದ್ದಾಗಿನಿಂದ ಗಂಗಾವಳಿಯ ಅಳಿವೆಯಲ್ಲಿ ಮುಳುಗಿ ಬಳಚು ಚಿಪ್ಪು ಹೆಕ್ಕಿದವನು. ಈಗ ಧಕ್ಕೆಯಲ್ಲಿ ಹಡಗಿನ ಮೂಟೆ ಇಳಿಸುತ್ತಿದ್ದ.

ನೀರಿಗಿಳಿಯುವುದರಲ್ಲಿ ಹಾರವಾಡದಲ್ಲಿ ಜಟ್ಟಪ್ಪನಿಗೆ ಸಮನಾದವರಿರಲಿಲ್ಲ. ಬಂಡೆಯ ಬುಡಕ್ಕೆ ಅಂಟಿಕೊಳ್ಳುವ ನೀಲಿಕಲ್ಲು ಎಂಬ ಚಿಪ್ಪನ್ನು ಉಳಿಯಿಂದ ಎಬ್ಬಿಸಿ ತರುವುದು ಅವನ ಅಪ್ಪನ ಕೆಲಸ, ಅಜ್ಜನ ಕೆಲಸ. ಅವರ ಮನೆಯಲ್ಲಿ ಒಂದು ರೂಢಿಯಿತ್ತು. ಗಂಡಸು ಮುಳುಗಿದ ಕೂಡಲೇ ದೋಣಿಯಲ್ಲಿ ಕೂತ ಹೆಂಗಸು ಪದ ಹೇಳಲು ತೊಡಗಬೇಕು. ಕಾಡಿನ ಮುದುಕಿಯೊಬ್ಬಳು ದೇವರು ಬರುತ್ತಾನೆಂದು ದಿನಾ ಬಾಗಿಲು ಸಾರಿಸಿ ಕಾದ ಪದ ಅದು. ಜಟ್ಟಪ್ಪನ ತಾಯಿ ಗಂಗೂ ಅದನ್ನು ಅತ್ತೆಯ ಬಾಯಿಂದ ಕಲಿತಿದ್ದಳು. ಅವಳು ಮೇಲೆ ಹೇಳುವಳು, ಇವನು ಕೆಳಗೆ ಮನಸ್ಸಿನಲ್ಲೇ ಹೇಳಿಕೊಳ್ಳುವನು. ನೀರಿನಡಿಯಲ್ಲಿ ಅವಳ ದನಿ ಕೇಳಿಸುತ್ತಿರಲಿಲ್ಲ. ಆದರೂ ತಲೆ ಮೇಲೆತ್ತಿದಾಗ ಅವಳ ಬಾಯಲ್ಲೂ ಇವನ ಮನಸ್ಸಿನಲ್ಲೂ ಅದೇ ಸಾಲು ಇರುತ್ತಿತ್ತು. ಪದ ಮುಗಿಯುವುದರೊಳಗೆ ಮೇಲೆ ಬಾರದಿದ್ದರೆ ಹುಟ್ಟುಗೋಲಿನಿಂದ ದೋಣಿಯ ಹಲಗೆ ಬಡಿಯಬೇಕು. ಗಂಗೂ ಒಮ್ಮೆಯೂ ಬಡಿದವಳಲ್ಲ.

ಈಗ ಬಂಡೆಗಳಲ್ಲಿ ನೀಲಿಕಲ್ಲು ವರ್ಷ ವರ್ಷಕ್ಕೆ ಕಡಿಮೆಯಾಗಿತ್ತು. ಗಂಗೂಗೆ ದೋಣಿ ಹತ್ತಿ ಕೂರುವಷ್ಟು ಸೊಂಟ ಗಟ್ಟಿಯಿರಲಿಲ್ಲ. ಸರ್ಟಿಫಿಕೇಟು ಸಿಕ್ಕಿದರೆ ಕಂಪನಿಯಲ್ಲಿ ಕಾಯಂ ಕೆಲಸ. ಧಕ್ಕೆಯ ಕಂಬಗಳನ್ನು ನೀರಿನೊಳಗೆ ನೋಡುವುದು, ಹಡಗಿನ ಅಡಿಗೆ ಅಂಟಿದ್ದನ್ನು ಕೆರೆಯುವುದು. ಇದು ತನಗಲ್ಲದೆ ಇನ್ನಾರಿಗೆ ಎಂದು ಜಟ್ಟಪ್ಪ ಮೊದಲ ದಿನ ಎದೆಯುಬ್ಬಿಸಿಯೇ ಬಂದಿದ್ದ. ಮೊದಲ ದಿನವೇ ರಾಮನಾಥಬಾಬ ಅವನನ್ನು ಮೇಲೆಳೆದು ಬೈದರು. "ಉಸಿರು ಹಿಡಿಬ್ಯಾಡ! ಇದರಲ್ಲಿ ಉಸಿರು ಹಿಡಿದವ ಸತ್ತ. ಕೆಳಗೆ ಈ ಗಾಳಿ ಕುಡಿದು, ಬಾಯಿ ಮುಚ್ಚಿ ಮೇಲೆ ಬಂದ್ರೆ ಎದೆ ಒಳಗೆ ಗಾಳಿ ಉಬ್ಬಿ ಪುಪ್ಪುಸ ಹರೀತದೆ. ಬಿಡ್ತಾ ಇರಬೇಕು. ಗುಳ್ಳೆ ಬರ್ತಾ ಇರಬೇಕು. ಜೋಡಿದಾರನ ಗುಳ್ಳೆ ನಿಂತದ್ದು ಕಂಡ್ರೆ ಅವನ ಹೊಟ್ಟೆಗೆ ಗುದ್ದಿ, ಪರವಾ ಇಲ್ಲ." ಹುಟ್ಟಿದಾಗಿನಿಂದ ಕಲಿತದ್ದನ್ನು ಜಟ್ಟಪ್ಪ ಮರೆಯಬೇಕಾಯಿತು. ಮರೆತಿದ್ದ ಕೂಡ. ರಾಮನಾಥಬಾಬ ಬೆನ್ನು ತಟ್ಟಿದ್ದರು.

ಆ ಸಂಜೆ ಬಸ್ಸಿನಲ್ಲಿ ಬೊಮ್ಮ ಮಾತಾಡುತ್ತಲೇ ಇದ್ದ. ಕಾಯಂ ಆದ ಮೇಲೆ ತಾಯಿ ದುರ್ಗಿಯನ್ನು ಗದ್ದೆ ಕೆಲಸ ಬಿಡಿಸುವುದು, ಮನೆಗೆ ಹಂಚು ಹೊದಿಸುವುದು. "ನಿಂಗೇನಾ ಅಣ್ಣಾ, ನೀ ನಾಳೆ ಕಣ್ಣು ಮುಚ್ಕಂಡು ಪಾಸಾತೆ. ನಂದೇ ಹೆದ್ರಿಕೆ."

"ಎಂತಾ ಹೆದ್ರಿಕೆ? ಕೊಡೂದು, ತಕ್ಕಣೂದು. ಅಷ್ಟೇ ಅಲ್ದಾ," ಎಂದ ಜಟ್ಟಪ್ಪ. ತನ್ನ ದನಿ ತನಗೇ ಪೊಳ್ಳೆನಿಸಿತು.

ಮನೆಯಲ್ಲಿ ಗಂಗೂ ತುಳಸಿಗೆ ದೀಪವಿಟ್ಟು ಬಂದು ಕೂತಿದ್ದಳು. ನಾಳೆ ಕಾರ್ತಿಕದ ಸೋಮವಾರ, ಮನೆಯಲ್ಲಿ ಒಪ್ಪತ್ತು. ಜಟ್ಟಪ್ಪ ಕೈಕಾಲು ತೊಳೆದು ಬಂದು, "ಆಯೀ, ಸೋಮವಾರ ಇನ್ನೊಬ್ರ ಎಂಜಲು ಬಾಯಿಗೆ ತಾಗಿದ್ರೆ ಎಂತಾ ಆತದೆ?" ಎಂದು ಕೇಳಿದ.

"ಯಾರ ಎಂಜಲಾ?"

ಯಾರದು ಎಂದು ಅವಳು ಕೇಳಿದ್ದೇ ಅವನಿಗೆ ಉತ್ತರದಂತೆ ಕಂಡಿತು.

ಬೆಳಿಗ್ಗೆ ಬೊಮ್ಮ ಕರೆಯಲು ಬಂದ. ಗಂಗೂ ಅವನಿಗೆ ಚಾ ಕೊಟ್ಟಳು. ಅವನು ಅಂಗಳದ ತುದಿಯಲ್ಲಿ ನಿಂತು ಕುಡಿದು, ಲೋಟವನ್ನು ತಾನೇ ಹೊರಗಿನ ಕೊಡಪಾನದ ನೀರಿನಲ್ಲಿ ತೊಳೆದು, ಜಗುಲಿಯ ಹೊರಗೋಡೆಯ ಗೂಡಿನಲ್ಲಿ ಬೋರಲು ಹಾಕಿದ. ಆ ಗೂಡಿನಲ್ಲಿ ಆ ಲೋಟ ಜಟ್ಟಪ್ಪ ಹುಟ್ಟುವ ಮೊದಲಿನಿಂದಲೂ ಇತ್ತು. ಅದನ್ನು ಅವನು ಎಂದೂ ಗಮನವಿಟ್ಟು ನೋಡಿರಲಿಲ್ಲ. ಈ ಹೊತ್ತು ನೋಡಿ, ಬೇಗ ಚಪ್ಪಲಿ ಮೆಟ್ಟಿಕೊಂಡ.

"ದೇವರು ಒಳ್ಳೇದು ಮಾಡ್ಲಿ ಇಬ್ರಿಗೂ," ಎಂದಳು ಗಂಗೂ.

ದೋಣಿ ಬೈತಖೋಲದ ಮೂಲೆಯ ಬಂಡೆಯ ಮರೆಗೆ ಬಂದು ಲಂಗರು ಹಾಕಿತು. ಗಾಳಿಯಿರಲಿಲ್ಲ. ಟ್ರಾಲರುಗಳು ಹೊರಟುಹೋಗಿ ಬಂದರು ಖಾಲಿಯಾಗಿತ್ತು. ಧಕ್ಕೆಯ ಮೇಲೆ ಮೀನು ಹರಾಜಿನ ಕೂಗು ಮಾತ್ರ ಅಲ್ಲಿಯವರೆಗೂ ಕೇಳಿಸುತ್ತಿತ್ತು. ರೂಪೇಶ ಬೀಡಿ ಹಚ್ಚಿ ಎರಡು ದಮ್ಮೆಳೆದು, "ಹಿಡಿ ಜಟ್ಟಪ್ಪಾ, ನಂಗೆ ಸೇದೂಕೂ ಆಗ್ತಿಲ್ಲ," ಎಂದು ಚಾಚಿದ. ಜಟ್ಟಪ್ಪ ತೆಗೆದುಕೊಂಡು ಸೇದಿದ. ಬೀಡಿಯ ತುದಿ ರೂಪೇಶನ ಜೊಲ್ಲಿನಿಂದ ಒದ್ದೆಯಾಗಿತ್ತು. ಎದುರಿನ ಹಲಗೆಯ ಮೇಲೆ ಕೂತು ಬೊಮ್ಮ ತನ್ನ ಮಾಸ್ಕಿನ ಗಾಜು ಒರೆಸುತ್ತಿದ್ದ. ಒಮ್ಮೆ ತಲೆಯೆತ್ತಿದವನು ಮತ್ತೆ ಗಾಜು ಒರೆಸತೊಡಗಿದ.

ಮೊದಲ ಸರದಿ ಜಟ್ಟಪ್ಪ, ಬೊಮ್ಮರದು. ಐದಾರು ಮಾರು ಆಳ. ಮರಳಿನ ತಳದಲ್ಲಿ ಇಬ್ಬರೂ ಮೊಣಕಾಲೂರಿ ಎದುರುಬದುರು ಕೂತರು. ಬೊಮ್ಮ ಎಡಗೈಯಿಂದ ಜಟ್ಟಪ್ಪನ ಹೆಗಲ ಪಟ್ಟಿಯನ್ನು ಹಿಡಿದ, ಜಟ್ಟಪ್ಪ ಬೊಮ್ಮನದನ್ನು. ಪಕ್ಕದಲ್ಲಿ ರಾಮನಾಥಬಾಬ ತೇಲುತ್ತಿದ್ದರು. ಅವರು ಕತ್ತಿನ ಮೇಲೆ ಅಂಗೈ ಅಡ್ಡ ಎಳೆದು ತೋರಿಸಿದರು: ಜಟ್ಟಪ್ಪಾ, ನಿನ್ನ ಗಾಳಿ ಮುಗಿಯಿತು. ಜಟ್ಟಪ್ಪ ಎದೆ ತುಂಬ ಒಂದು ಉಸಿರೆಳೆದುಕೊಂಡು ತನ್ನ ರಬ್ಬರನ್ನು ಬಾಯಿಂದ ತೆಗೆದು ಬೆನ್ನ ಹಿಂದೆ ಬಿಟ್ಟ.

ಬೊಮ್ಮ ಎರಡು ಉಸಿರು ತೆಗೆದುಕೊಂಡ. ತನ್ನ ಬಾಯಿಂದ ರಬ್ಬರು ತೆಗೆದು ಇವನತ್ತ ಚಾಚಿದ. ತುಟಿಯ ನಡುವಿನಿಂದ ಸಣ್ಣ ಗುಳ್ಳೆಗಳನ್ನು ಬಿಡುತ್ತಿದ್ದ, ಹೇಳಿಕೊಟ್ಟ ಹಾಗೆಯೇ. ಮಾಸ್ಕಿನ ಹಿಂದೆ ಅವನ ಕಣ್ಣು ದೊಡ್ಡದಾಗಿ, ಹೆದರಿದಂತೆಯೂ ನಗುವಂತೆಯೂ ಇತ್ತು.

ಜಟ್ಟಪ್ಪ ರಬ್ಬರನ್ನು ಮುಖದ ಹತ್ತಿರ ತಂದ. ತಂದ ಮೇಲೆ ಅವನ ತುಟಿ ತೆರೆಯಲಿಲ್ಲ. ತೆರೆಯಬಾರದೆಂದು ಅವನು ಹಟ ಹಿಡಿದಿರಲಿಲ್ಲ. ಹೇಸಿಗೆಯದೇನನ್ನೋ ಮೂಗಿನ ಹತ್ತಿರ ತಂದಾಗ ಮೈ ತಾನಾಗಿ ಹಿಂದೆ ಸರಿಯುವಂತೆ ತುಟಿ ತಾನಾಗಿ ಬಿಗಿದುಕೊಂಡಿತು. ಡಬ್ಬಿಯ ನಡುವಿನ ಗುಂಡಿ ಒತ್ತಿದರೆ ಒಳಗೆ ಹೊಕ್ಕ ನೀರು ಹೋಗಲೆಂದು ಗಾಳಿ ಬುಸ್ಸೆಂದು ಹೊರಬರುತ್ತದೆ. ಜಟ್ಟಪ್ಪ ಗುಂಡಿ ಒತ್ತಿದ. ಗುಳ್ಳೆಗಳ ಗೊಂಚಲು ಅವನ ಮುಖವನ್ನು ಮುಚ್ಚಿಕೊಂಡು ಮೇಲೆದ್ದಿತು. ಇನ್ನೊಮ್ಮೆ ಒತ್ತಿದ. ನೋಡುವವರಿಗೆ ಎರಡು ಉಸಿರಾಯಿತು. ರಬ್ಬರನ್ನು ಬೊಮ್ಮನಿಗೆ ಮರಳಿಸಿದ.

ರಾಮನಾಥಬಾಬ ತಲೆಯಾಡಿಸಿದರು. ಅವರಿದ್ದ ಕಡೆಯಿಂದ ಕಂಡದ್ದು ಗುಳ್ಳೆಗಳು ಮಾತ್ರ. ಬೊಮ್ಮನ ಮುಖ ಒಂದು ತೋಳಿನ ದೂರದಲ್ಲಿತ್ತು.

ಇಷ್ಟು ಹೊತ್ತು ಉಸಿರು ಹಿಡಿಯುವುದು ಜಟ್ಟಪ್ಪನಿಗೆ ಕಷ್ಟವೇ ಅಲ್ಲ. ಅಪ್ಪ ಕಲಿಸಿದ್ದು, ಅಜ್ಜ ಕಲಿಸಿದ್ದು. ಎಂದೂ ಇಲ್ಲದ ನೆಮ್ಮದಿಯಿಂದ ಅವನು ಮನಸ್ಸಿನಲ್ಲೇ ಪದ ಹೇಳಿಕೊಳ್ಳತೊಡಗಿದ. ಮುದುಕಿ ಬಾಗಿಲು ಸಾರಿಸಿದಳು. ರಂಗೋಲಿ ಹಾಕಿದಳು. ದಾರಿಯ ಮುಳ್ಳು ಗುಡಿಸಿದಳು. ಬೊಮ್ಮ ಮತ್ತೆ ರಬ್ಬರು ಚಾಚಿದ. ಇವನು ಮತ್ತೆ ಗುಂಡಿ ಒತ್ತಿದ. ಮುದುಕಿ ಬುಟ್ಟಿ ಹಿಡಿದು ಕಾಡಿಗೆ ಹೋದಳು. ಬೊಮ್ಮ ಮತ್ತೆ ಚಾಚಿದ. ಈ ಸಲ ಅವನ ಕಣ್ಣಿನಲ್ಲಿ ಹೆದರಿಕೆಯೂ ಇರಲಿಲ್ಲ, ನಗೆಯೂ ಇರಲಿಲ್ಲ. ಇವನ ತುಟಿಯನ್ನೇ ನೋಡುತ್ತಿದ್ದ.

ರಾಮನಾಥಬಾಬ ಹೆಬ್ಬೆರಳನ್ನು ಮೇಲೆ ಮಾಡಿದರು. ಏಳಿ.

ಏಳುವಾಗ ಗಾಳಿ ಬಿಡಬೇಕೆಂಬುದು ಜಟ್ಟಪ್ಪನಿಗೆ ಚೆನ್ನಾಗಿ ನೆನಪಿತ್ತು. ಆದರೆ ಬಿಟ್ಟರೆ ಮತ್ತೆ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವುದಾದರೆ ಆ ರಬ್ಬರು. ಸ್ವಲ್ಪವೇ ದೂರ, ಮೇಲೆ ಬೆಳಕು ಕಾಣುತ್ತಿದೆ, ಹೋಗಿಬಿಡಬಹುದು ಎಂದುಕೊಂಡ. ಮುದುಕಿ ಹಣ್ಣು ಕಿತ್ತಳು. ಹುಳಿಯೋ ಸಿಹಿಯೋ ಎಂದು ಒಂದೊಂದನ್ನೂ ಕಚ್ಚಿ ನೋಡಿದಳು. ಎದೆಯೊಳಗೆ ಏನೋ ಹಿಗ್ಗಿದಂತಾಯಿತು. ಕಚ್ಚಿ ನೋಡಿದ್ದನ್ನು ದೇವರ ಕೈಯಲ್ಲಿಟ್ಟಳು. ಪಕ್ಕೆಲುಬಿನ ಒಳಗಿನಿಂದ ಯಾರೋ ಒದ್ದ ಹಾಗೆ ನೋವು ಬಂತು. ಪದದ ಮುಂದಿನ ಸಾಲು ಅವನಿಗೆ ಬಾರಲಿಲ್ಲ.

ಬೊಮ್ಮನ ಮುಷ್ಟಿ ಅವನ ಹೊಟ್ಟೆಗೆ ಬಿತ್ತು.

ಹಿಡಿದಿದ್ದ ಗಾಳಿಯೆಲ್ಲ ಒಂದೇ ಸಲಕ್ಕೆ ಹೊರನುಗ್ಗಿತು. ಎದೆ ಖಾಲಿಯಾಗಿ, ಕಣ್ಣು ಕತ್ತಲೆಗಟ್ಟಿ, ಬಾಯಿ ತೆರೆದುಕೊಂಡಿತು. ತೆರೆದ ಬಾಯಿಗೆ ಬೊಮ್ಮ ತನ್ನ ರಬ್ಬರನ್ನು ಒತ್ತಿಟ್ಟು, ಅದು ಜಾರದಂತೆ ಅಂಗೈಯಿಂದ ಹಿಡಿದುಕೊಂಡ. ಜಟ್ಟಪ್ಪ ಉಸಿರೆಳೆದ. ಒಣಗಾಳಿ ಗಂಟಲಿಗೆ ಬಂತು. ಅದಕ್ಕೆ ರಬ್ಬರಿನದೂ ಉಪ್ಪಿನದೂ ಬಿಟ್ಟರೆ ಬೇರೆ ರುಚಿಯೇ ಇರಲಿಲ್ಲ. ಮತ್ತೆ ಎಳೆದ, ಮತ್ತೆ. ತನ್ನ ಸರದಿ ಮುಗಿದರೂ ಬಿಡಲಿಲ್ಲ. ಬೊಮ್ಮ ಕೊನೆಯವರೆಗೂ ಕೇಳಲಿಲ್ಲ. ಅವನ ತುಟಿಯಿಂದ ಸಣ್ಣ ಗುಳ್ಳೆಗಳು ಮೇಲೇಳುತ್ತ, ಮುಗಿಯುತ್ತ ಬಂದವು.

ಬಿಸಿಲಿಗೆ ತಲೆ ಎತ್ತಿದ ಕೂಡಲೇ ಜಟ್ಟಪ್ಪ ರಬ್ಬರನ್ನು ಉಗಿದ. ಬೊಗಸೆಯಲ್ಲಿ ಸಮುದ್ರದ ನೀರು ಮೊಗೆದು ಬಾಯಿಗೆ ಹಾಕಿ ಮುಕ್ಕಳಿಸಿ ಉಗುಳಿದ. ಮತ್ತೆ ಮೊಗೆದು ಮುಕ್ಕಳಿಸಿದ. ಮೂರನೆಯ ಬೊಗಸೆ ತುಟಿಗೆ ಬಂದಾಗ ತಾನು ಮಾಡುತ್ತಿರುವುದು ಏನೆಂದು ಅವನಿಗೆ ತಿಳಿಯಿತು. ಬೊಮ್ಮ ಎದುರಿಗೇ ತೇಲುತ್ತಿದ್ದ. ಮಾಸ್ಕನ್ನು ಹಣೆಗೇರಿಸಿ, ಬಾಯಿ ತೆರೆದು ಏದುಸಿರು ಬಿಡುತ್ತ ನೋಡುತ್ತಿದ್ದ. ಜಟ್ಟಪ್ಪನ ಬೆರಳಿನ ಸಂದಿನಿಂದ ನೀರು ಸೋರಿ ಹೋಯಿತು.

ದೋಣಿಯ ಮೇಲೆ ರಾಮನಾಥಬಾಬ ಕೂಗಾಡಿದರು. "ಉಸಿರು ಹಿಡಿದೆಯಾ? ಎಷ್ಟು ಸಲ ಹೇಳಿದೆ ನಿಂಗೆ! ಹೊಟ್ಟೆಗೆ ಗುದ್ದದೇ ಇದ್ದಿದ್ರೆ ನಿನ್ನ ತಾಯಿಗೆ ಎಂತ ಹೇಳಬೇಕಿತ್ತು ನಾನು? ಬೊಮ್ಮಾ, ನೀನು ಕೊಡ್ಲಿಲ್ವಾ ಅವನಿಗೆ?"

"ಕೊಟ್ಟೆ ಸರ್."

"ಮತ್ತೆ?"

"ಅವ ತಕ್ಕಣ್ಲಿಲ್ಲ. ಕೆಳಗೂ ತಕ್ಕಣ್ಲಿಲ್ಲ. ಸುಮ್ಗೆ ಗುಂಡಿ ಒತ್ತಿ ಒತ್ತಿ ಕೊಟ್ಟ."

ರಾಮನಾಥಬಾಬ ಜಟ್ಟಪ್ಪನತ್ತ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದ ಗೊಂದಲವಿತ್ತು. "ಕಿತ್ಯಾಕ್ ರೇ? ಯಾಕೆ?"

ಜಟ್ಟಪ್ಪ ಟವೆಲಿನಿಂದ ಮುಖ ಒರೆಸಿದ. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದ. "ಇಂದು ಸೋಮಾರ ಸರ್. ಕಾರ್ತಿಕ. ನಮ್ಮನೇಲಿ ವ್ರತ ಅದೆ. ಬೇರೆಯವರ ಬಾಯಿದು..." ಎಂದು ನಿಲ್ಲಿಸಿದ.

"ಓ, ವ್ರತ," ಎಂದರು ರಾಮನಾಥಬಾಬ. ಅವರ ಸಿಟ್ಟು ಇಳಿಯಿತು. ಅವರೂ ಸೋಮವಾರ ಮೀನು ತಿನ್ನದವರೇ. "ಹಾಂಗಾದ್ರೆ ನಿನ್ನೆಯೇ ಹೇಳೂಕೆ ಎಂತಾಗಿತ್ತು? ಮಂಗಳವಾರ ಇಟ್ಕೊಳ್ಳಬಹುದಿತ್ತು."

ಬೊಮ್ಮ ಬೆಲ್ಟಿನ ಕೊಂಡಿ ಬಿಚ್ಚುತ್ತಿದ್ದ. ತಲೆಯೆತ್ತದೆ, ಹವೆ ಹೇಗಿದೆಯೆಂದು ಹೇಳುವಂತೆ ಹೇಳಿದ: "ರೂಪೇಶನ ಬೀಡಿ ಸೇದಿದ್ದೂ ಸೋಮಾರವೇ ಆಗಿತ್ತು ಸರ್."

ರೂಪೇಶ ಬೀಡಿ ಹಚ್ಚಲು ಗೀರಿದ್ದ ಕಡ್ಡಿ ಬೆರಳಿನ ತುದಿಯಲ್ಲೇ ಉರಿದು ಆರಿತು. ರಾಮನಾಥಬಾಬ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿದರು. ಅವರಿಗೆ ಗೊತ್ತಾಯಿತೆಂದು ಅವರ ತಲೆ ತಗ್ಗಿದ್ದರಲ್ಲಿ ಜಟ್ಟಪ್ಪನಿಗೆ ತಿಳಿಯಿತು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅವರು ಮೆತ್ತಗೆ ಹೇಳಿದರು: "ನೋಡು ಜಟ್ಟಪ್ಪಾ. ನಿನ್ನಂಥ ಮುಳುಗುಗಾರ ನಂಗೆ ಸಿಗೂದಿಲ್ಲ. ಎದೆ ನೋವು ಇಲ್ಲ ಅಂತ ಡಾಕ್ಟರ್ ಹೇಳಿದ್ರೆ ಮುಂದಿನ ವಾರ ಇನ್ನೊಂದು ಸಲ ಇಳಿ. ಆದ್ರೆ ಇದೇ ಜೋಡಿ. ನಾಳೆ ಕೆಲಸದಲ್ಲಿ ನಿನ್ನ ಜೊತೆ ಯಾರು ಇಳೀತಾರೆ ಅಂತ ನೀನು ಆರಿಸೂಕೆ ಬರೂದಿಲ್ಲ. ಬೊಮ್ಮಾ, ನೀನು ಇವನ ಜೊತೆ ಮತ್ತೆ ಇಳೀತೀಯಾ?"

ಬೊಮ್ಮ ಯೋಚಿಸಿದ. ಅವನು ಯೋಚಿಸಿದಷ್ಟು ಹೊತ್ತೂ ಜಟ್ಟಪ್ಪ ದೋಣಿಯ ತಳದಲ್ಲಿ ನಿಂತಿದ್ದ ನೀರನ್ನೇ ನೋಡುತ್ತಿದ್ದ.

"ನಾ ಇಳೀತೆ ಸರ್," ಎಂದ ಬೊಮ್ಮ. "ನಂದೇನಿಲ್ಲ. ಅವಂಗೆ ಬೇಕಾ ಕೇಳಿ."

ಬೇಕು ಎಂಬ ಒಂದು ಮಾತು ಸಾಕಿತ್ತು. ಕಾಯಂ ಕೆಲಸ, ಆಯಿಯ ಸೊಂಟದ ಔಷಧ, ನೀಲಿಕಲ್ಲಿಲ್ಲದ ಬಂಡೆಗಳು, ಎಲ್ಲ ಆ ಒಂದು ಮಾತಿನಾಚೆ ಇದ್ದವು. ಅದನ್ನು ಹೇಳಬೇಕಾದರೆ ತಲೆಯೆತ್ತಿ ಬೊಮ್ಮನ ಮುಖ ನೋಡಬೇಕಿತ್ತು. ಜಟ್ಟಪ್ಪ ಬಗ್ಗಿ ಕಾಲಿಗೆ ತೊಟ್ಟಿದ್ದ ಈಜುರೆಕ್ಕೆಗಳನ್ನು ಕಳಚಿ, ಒಂದರ ಮೇಲೊಂದು ಒಪ್ಪವಾಗಿ ಇಟ್ಟ. ಮಾಸ್ಕನ್ನು ಅದರ ಮೇಲಿಟ್ಟ.

"ಬ್ಯಾಡ ಸರ್," ಎಂದ.

ಬಸ್ಸಿಗಾಗಿ ಇಬ್ಬರೂ ರಸ್ತೆಯ ಬದಿಯ ಮೋರಿಕಟ್ಟೆಯ ಮೇಲೆ ಕೂತರು. ದಿನವೂ ಕೂರುತ್ತಿದ್ದ ಜಾಗ. ನಡುವೆ ಬಿಡುತ್ತಿದ್ದ ಅಂತರವೂ ಅಷ್ಟೇ. ಬೊಮ್ಮನಿಗೆ ಸರ್ಟಿಫಿಕೇಟು ಕೈಗೆ ಬರಲು ಇನ್ನೂ ಕೆಲವು ದಿನವಿತ್ತು, ಆದರೆ ರಾಮನಾಥಬಾಬ ಅವನ ಕೈ ಕುಲುಕಿದ್ದರು. ತನ್ನ ಸರದಿಯನ್ನೂ ಮುಗಿಸಿದ್ದ ರೂಪೇಶ ಅವನ ಬೆನ್ನಿಗೆ ಹೊಡೆದು "ಪಾರ್ಟಿ ಯಾವಾಗ ರೇ?" ಎಂದು ಕೂಗಿ ಮಾಜಾಳಿಯ ಬಸ್ಸು ಹತ್ತಿದ್ದ. ಬೊಮ್ಮ ಅದಕ್ಕೆ ನಗುತ್ತ ಉತ್ತರ ಕೊಟ್ಟಿದ್ದ. ಈಗ ಅವನು ಬೀಡಿ ಹಚ್ಚಿ ಸೇದುತ್ತ, ದಾರಿಯ ತಿರುವಿನ ಕಡೆ ನೋಡುತ್ತಿದ್ದ.

ಏನು ಹೇಳಬೇಕೆಂದು ಜಟ್ಟಪ್ಪ ಹಲವು ಸಲ ಮನಸ್ಸಿನಲ್ಲಿ ಜೋಡಿಸಿದ. ನಾನು ಬೇಕೆಂದು ಮಾಡಿದ್ದಲ್ಲ. ಬಾಯಿ ತೆರೆಯಲಿಲ್ಲ, ಅಷ್ಟೇ. ಆದರೆ ರೂಪೇಶನ ಬೀಡಿಗೆ ಆ ಬಾಯಿ ತಾನಾಗಿ ತೆರೆದಿತ್ತು. ಎಲ್ಲಿಂದ ಹೊರಟರೂ ಮಾತು ಆ ಬೀಡಿಯ ಬಳಿ ಬಂದು ನಿಲ್ಲುತ್ತಿತ್ತು. ಕೊನೆಗೆ ಅವನು ಕೈಚಾಚಿದ.

"ಬೊಮ್ಮಾ. ಒಂದು ದಮ್ ಕೊಡಾ."

ಬೊಮ್ಮ ತನ್ನ ಬೆರಳಿನ ನಡುವೆ ಉರಿಯುತ್ತಿದ್ದ ಬೀಡಿಯನ್ನು ನೋಡಿದ. ಅರ್ಧ ಮುಗಿದಿತ್ತು, ತುದಿ ಒದ್ದೆಯಾಗಿತ್ತು. ಅದನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ಅಂಗಿಯ ಕಿಸೆಗೆ ಹಾಕಿ ಕಟ್ಟನ್ನು ತೆಗೆದ. ದಾರ ಸಡಿಲಿಸಿ ಒಂದು ಬೀಡಿ ಎಳೆದು ಇವನ ಅಂಗೈ ಮೇಲೆ ಇಟ್ಟ. ಇಡುವಾಗ ಬೆರಳು ತಾಗದಂತೆ ಮೇಲಿನಿಂದಲೇ ಬಿಟ್ಟ.

"ತಕಣಾ ಅಣ್ಣಾ. ಹೊಸದು. ಯಾರ ಬಾಯಿಗೂ ತಾಗಿದ್ದಲ್ಲ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಬೆಂಕಿಪೊಟ್ಟಣವನ್ನೂ ಕಟ್ಟೆಯ ಮೇಲೆ ಇಬ್ಬರ ನಡುವಿನ ಜಾಗದಲ್ಲಿಟ್ಟ.

ಬಸ್ಸು ಬಂತು. ಬೊಮ್ಮ ಪೊಟ್ಟಣ ಎತ್ತಿಕೊಂಡು ಹತ್ತಿ ಕಿಟಕಿಯ ಸೀಟಿನಲ್ಲಿ ಕೂತ. ಪಕ್ಕದ ಜಾಗ ಖಾಲಿಯಿತ್ತು. ಜಟ್ಟಪ್ಪ ಅದರ ಹತ್ತಿರ ನಿಂತು, ಮತ್ತೆ ಅವನ ಹಿಂದಿನ ಸೀಟಿಗೆ ಹೋಗಿ ಕೂತ. ಬಿಗಿಹಿಡಿದ ಅಂಗೈ ಬೆವತು ಒದ್ದೆಯಾಗಿತ್ತು. ಹಚ್ಚದ ಬೀಡಿಯ ಎಲೆ ಅದರಲ್ಲಿ ಮೆತ್ತಗಾಗಿ ಬಿಚ್ಚಿಕೊಳ್ಳುತ್ತಿತ್ತು.

ಘಟ್ಟದ ತಿರುವು ದಾಟಿದ ಮೇಲೆ ಬಸ್ಸು ನಿಂತಿತು. ರೈಲು ದಾರಿಗಾಗಿ ಗುಡ್ಡ ಒಡೆಯುತ್ತಿದ್ದರು. ಕೆಂಪು ಬಾವುಟ ಹಿಡಿದವನು ರಸ್ತೆಗೆ ಅಡ್ಡ ನಿಂತಿದ್ದ. ಡ್ರೈವರ್ ಎಂಜಿನ್ ಆರಿಸಿದ. ಬಂಡೆಗಿಟ್ಟ ಮದ್ದು ಸಿಡಿಯುವ ಸದ್ದಿಗಾಗಿ ಬಸ್ಸಿನೊಳಗೆ ಎಲ್ಲರೂ ಮಾತು ನಿಲ್ಲಿಸಿ ಕಾದರು. ಮುಂದಿನ ಸೀಟಿನಲ್ಲಿ ಬೊಮ್ಮ ಇನ್ನೊಂದು ಬೀಡಿ ಹಚ್ಚಿ ದಮ್ಮೆಳೆದು ಕಿಟಕಿಯತ್ತ ಊದಿದ. ಹೊರಗಿನಿಂದ ಬಂದ ಗಾಳಿ ಹೊಗೆಯನ್ನು ಒಳಕ್ಕೇ ತಳ್ಳಿತು. ಅದು ಬೊಮ್ಮನ ಹೆಗಲ ಮೇಲಿನಿಂದ ಹಿಂದಕ್ಕೆ ಬಂದು ಜಟ್ಟಪ್ಪನ ಮುಖದ ಸುತ್ತ ನಿಂತಿತು. ಅವನು ಮುಖ ತಿರುಗಿಸಲಿಲ್ಲ.

ಗುಡ್ಡದಲ್ಲಿ ಇನ್ನೂ ಸದ್ದಾಗಿರಲಿಲ್ಲ.